ಹಸಿರು ಟ್ಯಾಂಕಿನ ಆಟಗಾರ್ತಿ

ಬಾಲಕಿಯರ ವಸತಿ ಶಾಲೆ,
ಕುಬಟೂರು ರಸ್ತೆ, ಸೊರಬ ತಾಲ್ಲೂಕು
8 ಜುಲೈ 2024

ಗುರುಪ್ರಕಾಶ್ ಅವರಿಗೆ,

ಮಾವ ಎಂದು ಬರೆಯಬೇಕೋ ಸಾರ್ ಎಂದು ಬರೆಯಬೇಕೋ ತಿಳಿಯದೆ ಹೆಸರನ್ನೇ ಬರೆದಿದ್ದೇನೆ. ನಾನು ರಕ್ಷಿತಾ. ಜಡೆ ಊರಿನ ನೀಲಾಂಬಿಕ ಮತ್ತು ಹರೀಶ ಅವರ ಮಗಳು, ಎಂಟನೇ ತರಗತಿ. ಅಪ್ಪ ಕುರಿ ಸಾಕುವ ಮನೆತನದವರು. ಅವರನ್ನು ಮದುವೆಯಾದ ಮೇಲೆ ಅಮ್ಮ ಶಿಕಾರಿಪುರದ ತವರಿಗೆ ಹೋಗಿಲ್ಲ ಎಂದು ಗೊತ್ತು. ಯಾಕೆ ಎಂದು ನಾನು ಕೇಳುತ್ತಿಲ್ಲ. ನನಗೆ ಬೇಕಾಗಿರುವುದು ಬೇರೆ.

ನಿಮ್ಮ ವಿಳಾಸ ಸಿಕ್ಕಿದ್ದು ಆನವಟ್ಟಿಯ ಒಂದು ಹೋಟೆಲಿನಲ್ಲಿ. ಗೋಡೆಯ ಮೇಲೆ ನಿಮ್ಮ ಪಂಪ್‌ಸೆಟ್ ಅಂಗಡಿಯ ಕ್ಯಾಲೆಂಡರ್ ಇತ್ತು. ದೋಸೆ ಆರಿಹೋಗುವವರೆಗೂ ಅಮ್ಮ ಅದನ್ನೇ ನೋಡುತ್ತ ಕೂತಿದ್ದಳು. ಅವಳು ಕೈ ತೊಳೆಯಲು ಎದ್ದಾಗ ನಾನು ಬರೆದುಕೊಂಡೆ.

ಮಕ್ಕಳ ದಿನಾಚರಣೆಗೆ ನಮ್ಮಲ್ಲಿ ಪ್ರದರ್ಶನವಿದೆ. ಒಬ್ಬೊಬ್ಬರೂ ಒಂದೊಂದು ಆಟ ಆರಿಸಿಕೊಂಡು ಅದರ ಚರಿತ್ರೆ ಬರೆಯಬೇಕು. ನನ್ನ ಗೆಳತಿ ಬಿಂದುಶ್ರೀ ಚೌಕಾಬಾರ ತೆಗೆದುಕೊಂಡಳು. ಕುಂಟೆಬಿಲ್ಲೆಗೆ ಮೂವರು ಜಗಳವಾಡಿದರು. ನಾನು ಟ್ಯಾಂಕ್ ಆಟ ಎಂದೆ. ರಾಜಪ್ಪ ಮೇಷ್ಟ್ರು ಕನ್ನಡಕ ಮೇಲೆತ್ತಿ, "ಟಿ.ವಿ.ಯಾಗೆ ಆಡೋದಕ್ಕೆ ಎಂಥ ಚರಿತ್ರೆ ಮಾರಾಯ್ತಿ?" ಎಂದರು. ಆಮೇಲೆ, "ಇದ್ರೆ ಹುಡುಕ್ಕೊಂಡು ಬಾ ನೋಡೋಣ" ಎಂದರು.

ನಾನು ಆ ಆಟವನ್ನು ಕಣ್ಣಲ್ಲಿ ಕಂಡಿಲ್ಲ. ಅಮ್ಮ ಕುರಿ ಸಾಗಿಸುವ ಗೂಡ್ಸ್ ಗಾಡಿ ಓಡಿಸುತ್ತಾಳೆ. ಪಕ್ಕದಲ್ಲಿ ಕೂತರೆ ದಾರಿಯುದ್ದಕ್ಕೂ ಚಿಕ್ಕಂದಿನಲ್ಲಿ ನಿಮ್ಮ ಜೊತೆ ಆಡಿದ ಆ ಆಟದ್ದೇ ಮಾತು. ಇಟ್ಟಿಗೆ ಗೋಡೆ ಒಡೆಯುತ್ತದಂತೆ, ಕಬ್ಬಿಣದ್ದು ಒಡೆಯುವುದಿಲ್ಲವಂತೆ, ಮರಗಳೊಳಗೆ ನುಗ್ಗಿದರೆ ಟ್ಯಾಂಕ್ ಯಾರಿಗೂ ಕಾಣುವುದಿಲ್ಲವಂತೆ. ಆಟದ ಯಂತ್ರ ಈಗ ಎಲ್ಲಿದೆ ಎಂದು ಕೇಳಿದರೆ ಮಾತ್ರ ಗೇರ್ ಬದಲಾಯಿಸಿ ರಸ್ತೆ ನೋಡುತ್ತಾಳೆ.

ಇಲ್ಲಿ ಮೊಬೈಲ್ ಇಟ್ಟುಕೊಳ್ಳುವಂತಿಲ್ಲ. ಹಾಗಾಗಿ ಪತ್ರ. ಆಟದ ಬಗ್ಗೆ ನಿಮಗೆ ಗೊತ್ತಿರುವುದನ್ನು ಬರೆದು ಕಳಿಸುವಿರಾ?

ನಮಸ್ಕಾರಗಳೊಂದಿಗೆ,
ರಕ್ಷಿತಾ


ಕುಬಟೂರು ರಸ್ತೆ
5 ಆಗಸ್ಟ್ 2024

ಗುರುಪ್ರಕಾಶ್ ಅವರಿಗೆ,

ನನ್ನ ಪತ್ರ ತಲುಪಿರಲಿಕ್ಕಿಲ್ಲ. ಮಳೆಗೆ ಅಂಚೆಚೀಲ ನೆನೆದಿರಬಹುದು ಎಂದು ನಮ್ಮ ವಾರ್ಡನ್ ಹೇಳಿದರು. ಅದರಲ್ಲಿದ್ದದ್ದು ಇಷ್ಟೇ: ನಾನು ನೀಲಾಂಬಿಕ ಅವರ ಮಗಳು, ನನಗೆ ಟ್ಯಾಂಕ್ ಆಟದ ಚರಿತ್ರೆ ಬೇಕು.

ರಕ್ಷಿತಾ


ಶಿಕಾರಿಪುರ
14 ಆಗಸ್ಟ್ 2024

ಕುಮಾರಿ ರಕ್ಷಿತಾಗೆ,

ಎರಡೂ ಪತ್ರ ತಲುಪಿವೆ. ಮಳೆಗಾಲದಲ್ಲಿ ಅಂಗಡಿಯಲ್ಲಿ ಹೆಚ್ಚು ಕೆಲಸವಿರುವುದಿಲ್ಲ. ಆದರೂ ಬರೆಯಲಾಗಲಿಲ್ಲ.

ಆಟದ ಹೆಸರು ಬ್ಯಾಟಲ್ ಸಿಟಿ. ಜಪಾನಿನಲ್ಲಿ 1985ರಲ್ಲಿ ಬಂದದ್ದು. ಅದಕ್ಕೂ ಮೊದಲು, 1980ರಲ್ಲಿ, ಅಲ್ಲಿ ನಾಣ್ಯ ಹಾಕಿ ಆಡುವ ಟ್ಯಾಂಕ್ ಆಟವೊಂದಿತ್ತು. ಅದನ್ನೇ ಬೆಳೆಸಿ ಮನೆಯ ಟಿ.ವಿ.ಗೆ ಒಗ್ಗಿಸಿದರು. ಮೂವತ್ತೈದು ಹಂತಗಳು. ಒಬ್ಬರೂ ಆಡಬಹುದು, ಇಬ್ಬರೂ ಆಡಬಹುದು. ಮೊದಲನೆಯವರದು ಹಳದಿ ಟ್ಯಾಂಕ್, ಎರಡನೆಯವರದು ಹಸಿರು. ಪರದೆಯ ಕೆಳಗೆ ನಡುವೆ ಒಂದು ಹಕ್ಕಿ ಇರುತ್ತದೆ. ಅದನ್ನು ಕಾಯಬೇಕು. ಅದಕ್ಕೆ ಗುಂಡು ಬಿದ್ದರೆ ಆಟ ಮುಗಿಯಿತು.

ಪ್ರದರ್ಶನಕ್ಕೆ ಇಷ್ಟು ಸಾಕು ಎಂದುಕೊಂಡಿದ್ದೇನೆ.

ಇತಿ,
ಗುರುಪ್ರಕಾಶ್

ವಿ.ಸೂ.: ಆ ಹಕ್ಕಿ ಹದ್ದು. ನಿನ್ನ ಅಮ್ಮ ಕೋಳಿ ಎನ್ನುತ್ತಿದ್ದಳು. ನೀನು ಸರಿಯಾಗಿ ಬರಿ.


ಕುಬಟೂರು ರಸ್ತೆ
2 ಸೆಪ್ಟೆಂಬರ್ 2024

ಮಾವನಿಗೆ,

ಹಾಗೆ ಬರೆಯಬೇಡ ಎಂದು ನೀವು ಹೇಳಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಚಾರ್ಟಿನಲ್ಲಿ ಹದ್ದು ಎಂದೇ ಬರೆದಿದ್ದೇನೆ.

ನಿಮ್ಮ ಪತ್ರ ಬಂದ ದಿನದಿಂದ ಇಲ್ಲಿ ಏನಾಯಿತು ಗೊತ್ತೇ? ಊಟದ ಕೋಣೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆಗಳನ್ನು ಗೀಚಿ, ಅಮ್ಮ ಹೇಳಿದ ಹಾಗೆ ಗೋಡೆ, ನೀರು, ಮರ ಎಲ್ಲ ಮಾಡಿ ನಾವೇ ಟ್ಯಾಂಕುಗಳಾಗಿ ಆಡತೊಡಗಿದೆವು. ನಾನು ಹಳದಿ, ಬಿಂದುಶ್ರೀ ಹಸಿರು. ಒಂಬತ್ತನೇ ತರಗತಿಯವರು ಶತ್ರುಗಳು. ಈ ಶಾಲೆಗೆ ಸೇರಿ ವರ್ಷವಾದರೂ ಬಿಂದುಶ್ರೀ ಬಿಟ್ಟರೆ ಬೇರೆ ಯಾರೂ ನನ್ನನ್ನು ಮಾತಾಡಿಸುತ್ತಿರಲಿಲ್ಲ. ದಸರಾ ರಜೆಗೆ ಹೋದವಳು ತಿರುಗಿ ಬರುವುದೇ ಬೇಡ ಎಂದುಕೊಂಡಿದ್ದೆ. ಈಗ ಊಟವಾದ ಕೂಡಲೇ, "ರಕ್ಷಿತಾ, ಇವತ್ತು ನನ್ನನ್ನು ಸೇರಿಸ್ಕೊ" ಎಂದು ಹಿಂದೆ ಬೀಳುತ್ತಾರೆ. ನೆಲ ಹಾಳಾಯಿತೆಂದು ಬೈದ ವಾರ್ಡನ್ ಅವರೇ ನಿನ್ನೆ ಬದಿಯಲ್ಲಿ ನಿಂತು, "ಏ, ಹದ್ದಿನ ಹತ್ರ ಯಾರೂ ಇಲ್ವಲ್ರೇ" ಎಂದರು.

ಭಾನುವಾರ ಅಮ್ಮ ಬಂದಿದ್ದಳು. ನಿಮ್ಮ ಪತ್ರ ಕೊಟ್ಟೆ. ಕೋಳಿಯ ಮಾತು ಓದಿ ನಕ್ಕಳು. "ಅವ್ನು ಇನ್ನೂ ಒಪ್ಪಿಲ್ವಾ" ಎಂದಳು. ಆಮೇಲೆ ಪತ್ರವನ್ನು ಮಡಿಸಿ ಗಾಡಿಯಲ್ಲಿ ಲೈಸೆನ್ಸ್ ಇಡುವ ಜಾಗದಲ್ಲಿ ಇಟ್ಟುಕೊಂಡಳು. ನನ್ನದು ಕೊಡು ಎಂದರೆ ಕೇಳಿಸದವರ ಹಾಗೆ ಗಾಡಿ ಹೊರಡಿಸಿದಳು.

ಅದರಲ್ಲಿದ್ದ ಇಸವಿಗಳು ನನಗೆ ಬೇಕು. ದಯವಿಟ್ಟು ಇನ್ನೊಮ್ಮೆ ಬರೆಯಿರಿ.

ನಿಮ್ಮ,
ರಕ್ಷಿತಾ


ಶಿಕಾರಿಪುರ
15 ಸೆಪ್ಟೆಂಬರ್ 2024

ರಕ್ಷಿತಾ,

ಇಸವಿಗಳನ್ನು ಬೇರೆ ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ಅದನ್ನು ನೀನೇ ಇಟ್ಟುಕೊ. ಈ ಹಾಳೆಗಳನ್ನು ಯಾರಾದರೂ ಕೇಳಿದರೆ ಕೊಡಬಹುದು.

ನಮ್ಮ ಮನೆಗೆ ಆ ಯಂತ್ರ ಬಂದದ್ದು 1996ರ ಬೇಸಿಗೆಯಲ್ಲಿ. ಅಪ್ಪಾಜಿ, ಅಂದರೆ ನಿನ್ನ ಅಜ್ಜ ಮಹೇಶ್ವರಪ್ಪನವರು, ಅಂಗಡಿಗೆ ಮೋಟಾರ್ ತರಲು ದಾವಣಗೆರೆಗೆ ಹೋದವರು ನಾನು ಏಳನೇ ತರಗತಿ ಪಾಸಾದದ್ದಕ್ಕೆ ತಂದರು. ಬೂದು ಬಣ್ಣದ ಡಬ್ಬಿ, ಹಳದಿ ಕ್ಯಾಸೆಟ್. ಕ್ಯಾಸೆಟ್ಟಿನ ಮೇಲೆ ಸಾವಿರಾರು ಆಟ ಎಂದು ಬರೆದಿತ್ತು, ಒಳಗಿದ್ದದ್ದು ಹತ್ತೋ ಹನ್ನೆರಡೋ. ಟ್ಯಾಂಕ್ ಆಟ ಸಿಕ್ಕಿದ ಮೇಲೆ ಉಳಿದವು ನಮಗೆ ಬೇಕಾಗಲೂ ಇಲ್ಲ.

ನಿನ್ನ ಪತ್ರ ಬಂದ ಮೇಲೆ ಫೋನಿನಲ್ಲಿ ಹುಡುಕಿ ಓದಿದೆ. ಅಷ್ಟು ದಿನ ಆಡಿದ ನನಗೇ ಎಷ್ಟೋ ಸಂಗತಿ ಗೊತ್ತಿರಲಿಲ್ಲ. ಅದನ್ನು ಮಾಡಿದವರು ನಮ್ಮ ದೇಶಕ್ಕೆ ಕಳಿಸಿಯೇ ಇರಲಿಲ್ಲವಂತೆ. ನಮ್ಮಂಥ ಊರುಗಳಿಗೆ ಬಂದದ್ದೆಲ್ಲ ನಕಲು ಯಂತ್ರಗಳಲ್ಲಿ. ಯಾರೂ ಜಾಹೀರಾತು ಕೊಡಲಿಲ್ಲ, ಯಾರೂ ಕಲಿಸಿಕೊಡಲಿಲ್ಲ. ಆದರೂ ಈಗ ನಲವತ್ತರ ಆಸುಪಾಸಿನಲ್ಲಿರುವ ಯಾರ ಮುಂದಾದರೂ ಟ್ಯಾಂಕ್ ಆಟ ಎಂದು ನೋಡು, ಮುಖ ಬೆಳಗುತ್ತದೆ. ನಿನ್ನೆ ಪಂಪು ರಿಪೇರಿಗೆ ಬಂದಿದ್ದ ಗಿರಾಕಿಯೊಬ್ಬ ಅದರ ಶುರುವಿನ ರಾಗವನ್ನು ಬಾಯಲ್ಲೇ ಹೇಳಿದ.

ಇನ್ನೊಂದು ವಿಷಯ. ಈಗ ಮೊಬೈಲಿನಲ್ಲಿ ಒಂದು ಫೋಟೋ ತೆಗೆದರೆ ಅದು ಹಿಡಿಯುವ ಜಾಗದಲ್ಲಿ ಆ ಇಡೀ ಆಟವನ್ನು ಹತ್ತಾರು ಸಲ ತುಂಬಬಹುದು. ಅಷ್ಟು ಸಣ್ಣ ಜಾಗದಲ್ಲಿ ಗೋಡೆ, ನೀರು, ಕಾಡು, ಜಾರುವ ಮಂಜು, ನಾಲ್ಕು ಬಗೆಯ ಶತ್ರುಗಳು. ಅದನ್ನು ಕೂತು ಬರೆದವರ ತಲೆಗೆ ನನ್ನ ನಮಸ್ಕಾರ.

ಆದರೆ ಆ ಆಟದ ನಿಜವಾದ ಜಾಣತನ ಇಬ್ಬರು ಆಡುವುದರಲ್ಲಿತ್ತು. ಜೊತೆಗಾರನ ಗುಂಡು ತಗುಲಿದರೆ ನೀನು ಸಾಯುವುದಿಲ್ಲ, ಸ್ವಲ್ಪ ಹೊತ್ತು ಅಲುಗಾಡಲಾಗದೆ ನಿಲ್ಲುತ್ತೀಯ. ಅಷ್ಟರಲ್ಲಿ ಶತ್ರು ಬಂದರೆ ಜೊತೆಗಾರನೇ ಕಾಪಾಡಬೇಕು. ಹಂತ ಮುಗಿದಾಗ ಇಬ್ಬರ ಅಂಕಗಳನ್ನೂ ಬೇರೆ ಬೇರೆ ತೋರಿಸುತ್ತಿತ್ತು. ಸೋಲು ಮಾತ್ರ ಇಬ್ಬರಿಗೂ ಒಂದೇ.

ನಾನು ಹಳದಿ. ಮೇಲೆ ಹೋಗಿ ಹೊಡೆದಾಡುವುದು ನನ್ನ ಚಾಳಿ. ಹಸಿರಿನವರು ಹಕ್ಕಿಯ ಹತ್ತಿರವೇ ಇದ್ದು, ನಾನು ಬಿಟ್ಟ ಶತ್ರುಗಳನ್ನೆಲ್ಲ ಮುಗಿಸುತ್ತಿದ್ದರು. ಭಾನುವಾರ ಬೀದಿಯ ಹುಡುಗರೆಲ್ಲ ನಮ್ಮ ಪಡಸಾಲೆಯಲ್ಲಿ ತುಂಬುತ್ತಿದ್ದರು. ಅವರು ನೋಡಲು ಬರುತ್ತಿದ್ದದ್ದು ನನ್ನನ್ನಲ್ಲ. ಹನ್ನೊಂದು ವರ್ಷದ ಆ ಹುಡುಗಿಯ ಬೆರಳನ್ನು.

ಆಟದಲ್ಲಿ ನಾವೇ ಹೊಸ ಹಂತ ಕಟ್ಟಲು ಬರುತ್ತಿತ್ತು. ಅವಳು ಶಿಕಾರಿಪುರವನ್ನೇ ಕಟ್ಟಿದ್ದಳು. ಒಂದು ಬದಿಗೆ ಹುಚ್ಚರಾಯನ ಕೆರೆ, ಅದರ ಏರಿ, ಪೇಟೆಯ ಬೀದಿ, ಹಕ್ಕಿ ಇರುವಲ್ಲಿ ನಮ್ಮ ಮನೆ. ಉಳಿಸಿಡುವ ಸೌಲಭ್ಯ ಆ ಯಂತ್ರದಲ್ಲಿ ಇರಲಿಲ್ಲ. ಕರೆಂಟ್ ಹೋದರೆ ಊರೇ ಅಳಿಸಿಹೋಗುತ್ತಿತ್ತು. ಅವಳು ಅಳುತ್ತಿರಲಿಲ್ಲ. ಕರೆಂಟ್ ಬಂದ ಮೇಲೆ ಮತ್ತೆ ಕಟ್ಟುತ್ತಿದ್ದಳು.

ಯಂತ್ರ ಅಟ್ಟಕ್ಕೆ ಹೋದದ್ದು 2009ರಲ್ಲಿ. ಅವಳ ಮದುವೆಯ ವರ್ಷ. ಅದನ್ನು ಚಾರ್ಟಿನಲ್ಲಿ ಬರೆಯುವ ಅಗತ್ಯವಿಲ್ಲ.

ದಸರಾ ರಜೆಯ ನಂತರ ಶಾಲೆಗೆ ತಿರುಗಿ ಹೋಗು.

ನಿನ್ನ ಮಾವ,
ಗುರುಪ್ರಕಾಶ್


ಜಡೆ
9 ಅಕ್ಟೋಬರ್ 2024

ಮಾವನಿಗೆ,

ರಜೆಗೆ ಮನೆಗೆ ಬಂದಿದ್ದೇನೆ. ನೀವು ಹೇಳಿದ ಹಾಗೆ ಹಾಳೆಗಳನ್ನು ಕೊಟ್ಟೆ. ಅಮ್ಮ ರಾತ್ರಿ ಓದಿದಳು. ಬೆಳಿಗ್ಗೆ ಎದ್ದು ನೋಡಿದರೆ ಅಂಗಳದಲ್ಲಿ ರಂಗೋಲಿಯ ಬದಲು ಚೌಕಗಳಿದ್ದವು. ಕೆರೆ, ಏರಿ, ಬೀದಿ. ಅಪ್ಪ ಅದನ್ನು ತುಳಿಯದೆ ಸುತ್ತು ಹಾಕಿಕೊಂಡು ಕುರಿಗಳ ಹತ್ತಿರ ಹೋದರು.

ರಾಜಪ್ಪ ಮೇಷ್ಟ್ರು ಸ್ಟೋರ್ ರೂಮಿನಿಂದ ಹಳೆಯ ದಪ್ಪ ಟಿ.ವಿ. ಹೊರಗೆ ತೆಗೆಸಿದ್ದಾರೆ. ಆ ಯಂತ್ರ ಇನ್ನೂ ಕೆಲಸ ಮಾಡುತ್ತದೆಯೇ? ನವೆಂಬರ್ 14ಕ್ಕೆ ನೀವೇ ತಂದರೆ ಇನ್ನೂ ಒಳ್ಳೆಯದು.

ನಿಮ್ಮ,
ರಕ್ಷಿತಾ


ಶಿಕಾರಿಪುರ
28 ಅಕ್ಟೋಬರ್ 2024

ಪ್ರೀತಿಯ ರಕ್ಷಿತಾ,

ಯಂತ್ರ ಕೆಲಸ ಮಾಡುತ್ತದೆ.

ನಿನ್ನೆ ಭಾನುವಾರ ಮಧ್ಯಾಹ್ನ ಅಟ್ಟದಿಂದ ಇಳಿಸಿ ಮಹಡಿಯ ಟಿ.ವಿ.ಗೆ ಜೋಡಿಸಿದೆ. ಕ್ಯಾಸೆಟ್ಟಿನ ಬಾಯಿಗೆ ಊದಿ ಹಾಕುವುದನ್ನು ಕೈ ಮರೆತಿರಲಿಲ್ಲ. ಮೂರನೆಯ ಸಲಕ್ಕೆ ಆ ರಾಗ ಬಂತು. ಅದನ್ನು ಕೇಳಿ ಅಪ್ಪಾಜಿ ಮೆಟ್ಟಿಲು ಹತ್ತಿ ಮೇಲೆ ಬಂದರು. ಅವರಿಗೆ ಮೊಣಕಾಲು ನೋವು. ಮಹಡಿ ಹತ್ತಿ ಎಷ್ಟೋ ತಿಂಗಳಾಗಿತ್ತು.

ನಾನು ಎದ್ದು ನಿಂತೆ. ಈ ಮನೆಯಲ್ಲಿ ನಿನ್ನ ಅಮ್ಮನ ಹೆಸರು ಎತ್ತಬಾರದೆಂದು ಹೇಳಿದ್ದವರು ಅವರು. ನಾವೂ ಎತ್ತಿರಲಿಲ್ಲ. ಯಂತ್ರ ಯಾಕೆ ಇಳಿಸಿದೆ ಎಂದು ಕೇಳಿದರೆ ಏನು ಹೇಳಲಿ ಎಂದು ಯೋಚಿಸುತ್ತಿದ್ದೆ. ಅವರು ಕೇಳಲಿಲ್ಲ. ಚಾಪೆಯ ಮೇಲೆ ಕೂತು ಎರಡನೆಯ ರಿಮೋಟ್ ಕೈಗೆ ತೆಗೆದುಕೊಂಡರು.

"ನಂದು ಯಾವುದು?"

"ಹಸಿರು."

ಆಡಿದೆವು. ಅವರಿಗೆ ಬಟನ್ ಯಾವುದು ಬಾಣ ಯಾವುದು ಎಂದು ತಿಳಿಯುವ ಹೊತ್ತಿಗೆ ಇಟ್ಟಿಗೆಯೆಲ್ಲ ಉದುರಿ, ಅವರದೇ ಗುಂಡು ಹಕ್ಕಿಗೆ ಬಿತ್ತು. ಆಟ ಮುಗಿಯಿತು.

"ನಮ್ಮ ಹಕ್ಕಿನ ನಾವ ಹೊಡೀಬಹುದನು ಇದ್ರಾಗ?" ಎಂದು ಕೇಳಿದರು.

"ಹೊಡೀಬಹುದು ಅಪ್ಪಾಜಿ."

"ಹಂಗ್ಯಾಕ ಮಾಡ್ಯಾರ?"

ನನಗೆ ಗೊತ್ತಿಲ್ಲ ಎಂದೆ. ಅವರು "ಇನ್ನೊಂದ್ಸಲ ಹಚ್ಚು" ಎಂದರು. ಸಂಜೆ ದೀಪ ಹಚ್ಚುವವರೆಗೆ ಆಡಿದೆವು. ಎರಡನೆಯ ಹಂತ ದಾಟಲಾಗಲಿಲ್ಲ. ಏಳುವಾಗ ಗೋಡೆ ಹಿಡಿದುಕೊಂಡು, "ಆ ಹುಡುಗಿ ಅಕ್ಷರ ಚೆಂದ ಅದಾವು" ಎಂದರು. ನಿನ್ನ ಪತ್ರಗಳನ್ನು ನಾನು ಗಲ್ಲಾಪೆಟ್ಟಿಗೆಯ ಕೆಳಗೆ ಇಡುತ್ತಿದ್ದೆ. ಅಂಗಡಿಯಲ್ಲಿ ಕೂರುವುದು ನಾನೊಬ್ಬನೇ ಅಲ್ಲ ಎಂಬುದು ನೆನಪಿಗೆ ಬಂದಿರಲಿಲ್ಲ.

ನವೆಂಬರಿನಲ್ಲಿ ಪಂಪುಗಳ ವ್ಯಾಪಾರ ಶುರುವಾಗುತ್ತದೆ, ನಾನು ಬರಲಾರೆ. ಪ್ರದರ್ಶನದ ದಿನ ಬೆಳಗಿನ ಬಸ್ಸಿಗೆ ಯಂತ್ರ ಕೊಟ್ಟು ಕಳಿಸುತ್ತೇನೆ. ಬಸ್ ಸ್ಟ್ಯಾಂಡಿಗೆ ತಾವೇ ಒಯ್ದು ಕಂಡಕ್ಟರ್ ಕೈಗೆ ಕೊಟ್ಟು, ಹಾಗೇ ತೊಗರ್ಸಿ ದೇವಸ್ಥಾನಕ್ಕೆ ಹೋಗುತ್ತೇನೆಂದು ಅಪ್ಪಾಜಿ ಹೇಳಿದ್ದಾರೆ.

ನಿನ್ನ,
ಮಾವ


ಕುಬಟೂರು ರಸ್ತೆ
17 ನವೆಂಬರ್ 2024

ಮಾವನಿಗೆ,

ಅಜ್ಜ ನಮ್ಮಲ್ಲಿದ್ದಾರೆ ಎಂದಷ್ಟೇ ಹೇಳಿ ಅಮ್ಮ ಫೋನ್ ಇಟ್ಟಳಂತೆ. ನೀವು ಕಾಯುತ್ತಿರುತ್ತೀರಿ ಎಂದು ನಡೆದದ್ದನ್ನೆಲ್ಲ ಬರೆಯುತ್ತಿದ್ದೇನೆ.

ನಾನು ಬೆಳಿಗ್ಗೆ ಗೇಟಿನಲ್ಲಿ ಕಂಡಕ್ಟರನ್ನು ಕಾಯುತ್ತಿದ್ದೆ. ಬಸ್ಸಿನಿಂದ ಬಿಳಿ ಪಂಚೆಯ, ಹಣೆ ತುಂಬ ವಿಭೂತಿಯ ಅಜ್ಜ ಒಬ್ಬರು ಚೀಲ ತಬ್ಬಿಕೊಂಡು ಇಳಿದರು.

"ನೀನೇನವ್ವ ರಕ್ಷಿತಾ?"

"ಹೌದು. ನೀವು?"

"ಕಂಡಕ್ಟರ್ ಕೈಯಾಗ ಕೊಡಾಕ ಹೋದೆ. ಅವ್ನು ಈರುಳ್ಳಿ ಚೀಲದ ಮ್ಯಾಲೆ ಒಗೆದ. ಮನಸ್ಸಾಗ್ಲಿಲ್ಲ. ಎತ್ಕೊಂಡು ನಾನೂ ಹತ್ತಿ ಕೂತೆ."

ಯಾರೆಂದು ನನಗೆ ಆಗ ಗೊತ್ತಾಯಿತು. ಕಾಲಿಗೆ ಬಿದ್ದೆ. ತಲೆಯ ಮೇಲೆ ಕೈ ಇಟ್ಟವರು ಬಹಳ ಹೊತ್ತು ತೆಗೆಯಲಿಲ್ಲ.

ನಮ್ಮ ಕೋಣೆಯ ಮುಂದೆ ಎಷ್ಟು ಜನ ಸೇರಿದ್ದರೆಂದರೆ ಬಿಂದುಶ್ರೀ ತನ್ನ ಚೌಕಾಬಾರ ಬಿಟ್ಟು ಸಾಲು ನೋಡಿಕೊಳ್ಳಲು ಬಂದಳು. ಮಕ್ಕಳಿಗಿಂತ ಅಪ್ಪಂದಿರೇ ಹೆಚ್ಚು. ಒಬ್ಬರು ರಿಮೋಟ್ ಹಿಡಿದು, "ಇದಕ್ಕಾಗಿ ನಮ್ಮಪ್ಪನ ಹತ್ರ ಎಷ್ಟು ಹೊಡೆತ ತಿಂದೀನಿ" ಎಂದು ನಗುತ್ತ ಕಣ್ಣೊರೆಸಿಕೊಂಡರು. ರಾಜಪ್ಪ ಮೇಷ್ಟ್ರು ಮೂರು ಸಲ ಆಡಿದರು. ಚರಿತ್ರೆ ಇದೆ ಎಂದು ಒಪ್ಪಿಕೊಂಡರು. ಅಜ್ಜ ಟಿ.ವಿ. ಪಕ್ಕದ ಚಾಪೆ ಬಿಟ್ಟು ಏಳಲಿಲ್ಲ. ಜೊತೆಗಾರರಿಲ್ಲದೆ ಬಂದವರಿಗೆಲ್ಲ ಅವರೇ ಹಸಿರು.

ಅಮ್ಮ ಆನವಟ್ಟಿಯಲ್ಲಿ ಕುರಿ ಇಳಿಸಿ ಬಂದಾಗ ಮಧ್ಯಾಹ್ನವಾಗಿತ್ತು. ಬಾಗಿಲಲ್ಲೇ ನಿಂತುಬಿಟ್ಟಳು. ಅಜ್ಜ ನೋಡಿದರು. ಅಜ್ಜ ರಿಮೋಟನ್ನು ಪಕ್ಕದಲ್ಲಿಟ್ಟು, ಯಾರಿಗೆಂದಿಲ್ಲದೆ, "ಹಸಿರು ನನ್ನ ಕೈಗೆ ಬಗ್ಗಂಗಿಲ್ಲ" ಎಂದರು.

ಅಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತಳು. ರಿಮೋಟ್ ತೆಗೆದುಕೊಂಡಳು. ಬಿಂದುಶ್ರೀ ಹಳದಿಯದನ್ನು ಅಜ್ಜನ ಕೈಗೆ ಕೊಟ್ಟಳು. ಮೊದಲ ಹಂತ ಇಬ್ಬರೂ ತುಟಿ ಬಿಚ್ಚದೆ ಆಡಿದರು. ಎರಡನೆಯದರಲ್ಲಿ ಅಜ್ಜನ ಟ್ಯಾಂಕಿನ ಹಿಂದೆ ಶತ್ರು ಬಂತು.

"ಎಡಕ್ಕೆ," ಎಂದಳು ಅಮ್ಮ. "ಅಪ್ಪಾಜಿ, ಎಡಕ್ಕೆ."

"ಎಡಕ್ಕೆ ಹೊಂಟೀನಿ."

"ಅದು ಬಲ."

"ಹಂಗಾರ ನೀನ ಹೇಳ್ತಾ ಹೋಗು."

ಅವಳು ಹೇಳುತ್ತಾ ಹೋದಳು. ನೀವು ಬರೆದದ್ದು ನಿಜ, ಮಾವ. ಇಡೀ ಕೋಣೆ ಅಮ್ಮನ ಬೆರಳನ್ನೇ ನೋಡುತ್ತಿತ್ತು. ಅಜ್ಜ ಎಲ್ಲಿ ಬೇಕಾದರೂ ಅಲೆದಾಡಲಿ, ಅವಳು ಹಕ್ಕಿಯ ಹತ್ತಿರ ಒಂದು ಗುಂಡನ್ನೂ ಬಿಡಲಿಲ್ಲ. ಹಂತದ ಮೇಲೆ ಹಂತ ದಾಟಿದರು. ಆಮೇಲೆ ಕರೆಂಟ್ ಹೋಯಿತು. ಮಕ್ಕಳು ಹೊರಗೆ ಓಡಿದರು. ಅವರಿಬ್ಬರೂ ಏಳಲಿಲ್ಲ.

ಅಜ್ಜ ಆರಿದ ಟಿ.ವಿ.ಯನ್ನೇ ನೋಡುತ್ತ, "ಗಾಡಿ ನೀನ ಓಡಿಸ್ತೀಯಂತಲ್ಲ" ಎಂದರು.

"ಹೂಂ."

"ಜಡೆ ದೂರನು?"

"ಹತ್ರ ಅಪ್ಪಾಜಿ."

"ಮುಂದಿನ ಸೀಟಿನಾಗ ಜಾಗ ಐತನು?"

ನನಗೆ ಬಹುಮಾನ ಬರಲಿಲ್ಲ. ಚೌಕಾಬಾರಕ್ಕೆ ಬಂತು. ಬಿಂದುಶ್ರೀ ತನಗೆ ಕೊಟ್ಟ ಪೆನ್ನನ್ನು ನನಗೆ ಕೊಟ್ಟಿದ್ದಾಳೆ. ಇದು ಅದರಲ್ಲೇ ಬರೆದದ್ದು.

ನಿಮ್ಮ,
ರಕ್ಷಿತಾ


ಜಡೆ
20 ನವೆಂಬರ್ 2024

ಗುರುಪ್ರಕಾಶನಿಗೆ ಅಪ್ಪನ ಆಶೀರ್ವಾದಗಳು.

ಫೋನಿನಲ್ಲಾದರೆ ಎಲ್ಲರ ಮುಂದೆ ಮಾತಾಡಬೇಕಾಗುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ. ನಾನು ಆರಾಮವಾಗಿದ್ದೇನೆ. ಇಲ್ಲಿಯ ನೀರು ಒಗ್ಗಿದೆ.

ಮೊದಲನೆಯ ದಿನ ನೀಲವ್ವ ನನಗಾಗಿ ಬೇರೆ ಪಾತ್ರೆ ತರಿಸಿ, ಬೇರೆ ಒಲೆ ಹೂಡಲು ಹೊರಟಿದ್ದಳು. ಬೇಡ ಎಂದೆ. ಅವರು ಉಣ್ಣುವ ತಟ್ಟೆಯಲ್ಲಿ ಉಂಡೆ. ಅವಳ ಕೈರೊಟ್ಟಿ ನಿಮ್ಮ ಅವ್ವನದೇ ರುಚಿ.

ಬೆಳಿಗ್ಗೆ ಹರೀಶನ ಜೊತೆ ಕುರಿಹಟ್ಟಿಗೆ ಹೋಗುತ್ತೇನೆ. ಮೊನ್ನೆ ಒಂದು ಕುರಿ ಈಯಲಾರದೆ ಒದ್ದಾಡುತ್ತಿತ್ತು. ಆ ಮನುಷ್ಯ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮಗುವಿಗೆ ಹೇಳುವ ಹಾಗೆ ಮಾತಾಡುತ್ತ ಕೂತ. ಮರಿ ಹೊರಬಂದ ಮೇಲೆ ತಾನು ಹೊದ್ದಿದ್ದ ಕಂಬಳಿಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ. ಬಿಸಿಲು ಏರುವವರೆಗೆ ಹಿಡಿದುಕೊಂಡಿದ್ದೆ. ನನ್ನ ಮಗಳು ಇಂಥವನ ಮನೆಯಲ್ಲಿ ಇದ್ದಾಳೆ.

ಯಂತ್ರವನ್ನು ಇಲ್ಲೇ ಬಿಡುವುದೆಂದು ಮಾಡಿದ್ದೇನೆ. ಓಣಿಯ ಮಕ್ಕಳೆಲ್ಲ ಬರುತ್ತಾರೆ, ಮನೆ ತುಂಬಿರುತ್ತದೆ. ನಿನಗೆ ಬೇಕೆನಿಸಿದರೆ ಬಂದು ಆಡು. ನಿನ್ನ ತಂಗಿ ದಿನಕ್ಕೆರಡು ಸಲ ರಸ್ತೆ ನೋಡುತ್ತಾಳೆ, ಕೇಳಿದರೆ ಏನಿಲ್ಲ ಎನ್ನುತ್ತಾಳೆ.

ಭಾನುವಾರ ಅಂಗಡಿ ಮುಚ್ಚಿ ಬಾ. ನನ್ನ ಬಿ.ಪಿ. ಮಾತ್ರೆ, ಉಣ್ಣೆಯ ಶಾಲು ತಾ. ಪೇಟೆಯಲ್ಲಿ ನಾವು ಮದುವೆ ಬಟ್ಟೆ ತೆಗೆಯುವ ಅಂಗಡಿಗೆ ಹೋಗಿ ಒಂದು ಸೀರೆ, ಒಂದು ಜೊತೆ ಜರಿ ಅಂಚಿನ ಪಂಚೆ ಶಲ್ಯ ತೆಗೆದುಕೊ. ಬೆಲೆ ನೋಡಬೇಡ. ಅಂಗಡಿಯವನು ಮಾತಿಗೆ ಎಳೆಯುತ್ತಾನೆ, ಪಂಚೆ ಯಾರಿಗೆ ಎಂದು ಕೇಳಿಯೇ ಕೇಳುತ್ತಾನೆ. ಅಲ್ಲಿ ಎಷ್ಟು ಜನ ಇದ್ದರೂ ಸರಿ, ಎಲ್ಲರಿಗೂ ಕೇಳಿಸುವ ಹಾಗೆ, ನಮ್ಮ ಅಳಿಯಂದಿರಿಗೆ ಎಂದು ಹೇಳು.

ಇತಿ,
ಮಹೇಶ್ವರಪ್ಪ